ಬ್ಯಾಂಡ್‌ಸಾ ಕಟ್ಟುವ ಮೊದಲು ಬಿಗಿಯ ಲೆಕ್ಕ

(ಮನೆಯ ವರ್ಕ್‌ಶಾಪ್‌ಗೆ ಬ್ಯಾಂಡ್‌ಸಾ ಕಟ್ಟಿಕೊಳ್ಳುವುದರ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮರಗೆಲಸದ ದೊಡ್ಡ ಯಂತ್ರಗಳಲ್ಲಿ ನಾವೇ ಕಟ್ಟಿಕೊಳ್ಳಬಹುದಾದ್ದು ಯಾವುದು ಅಂತ ಯಾರಾದರೂ ಕೇಳಿದರೆ ನಾನು ತಡ ಮಾಡದೆ ಬ್ಯಾಂಡ್‌ಸಾ ಅನ್ನುತ್ತೇನೆ. ಯಾಕೆ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಯಂತ್ರ ನಿಮಗೆಲ್ಲ ಗೊತ್ತಿರುವುದೇ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಸುತ್ತಿ ಓಡುವ ಹಲ್ಲಿನ ಪಟ್ಟಿ. ಕೆಳಗಿನ ಚಕ್ರಕ್ಕೆ ಮೋಟಾರ್, ನಡುವೆ ಟೇಬಲ್. ದಿಮ್ಮಿಯಿಂದ ಹಲಗೆ ಸೀಳುವುದಕ್ಕೂ ಇದೇ ಬೇಕು, ಕುರ್ಚಿಯ ಬಾಗಿದ ಕಾಲು ಕೊಯ್ಯುವುದಕ್ಕೂ ಇದೇ ಬೇಕು. ದುಂಡು ಬ್ಲೇಡಿನ ಟೇಬಲ್ ಸಾ ಒಂದು ಸಲ ಹಾದರೆ ಸುಮಾರು 3 ಮಿ.ಮೀ. ಮರ ಪುಡಿಯಾಗಿ ಹೋಗುತ್ತದೆ. ಇದರಲ್ಲಿ ಹೋಗುವುದು 1 ಮಿ.ಮೀ. ಆಸುಪಾಸು. ಬ್ಲೇಡ್ ಮೇಲಿಂದ ಕೆಳಗೆ ಓಡುವುದರಿಂದ ಮರವನ್ನು ಟೇಬಲ್ಲಿಗೇ ಒತ್ತಿ ಹಿಡಿಯುತ್ತದೆ, ನಮ್ಮ ಕಡೆಗೆ ಎಸೆಯುವುದಿಲ್ಲ.

ಕಟ್ಟುವವರಿಗೆ ಇನ್ನೂ ದೊಡ್ಡ ಅನುಕೂಲ ಒಂದಿದೆ. ಈ ಯಂತ್ರದ ಮುಖ್ಯ ಅಳತೆಗಳನ್ನೆಲ್ಲ ಕಟ್ಟಿದ ಮೇಲೆ ಸರಿ ಮಾಡಿಕೊಳ್ಳಬಹುದು. ಚಕ್ರ ಸ್ವಲ್ಪ ಓರೆಯಾಗಿದೆಯಾ? ತಿರುಗಿಸಿ ಕೆತ್ತಿ ಸರಿ ಮಾಡಿ. ಎರಡು ಚಕ್ರ ಒಂದೇ ಸಮದಲ್ಲಿ ಇಲ್ಲವಾ? ಹಿಂದೆ ವಾಷರ್ ಹಾಕಿ. ಟೇಬಲ್ ಸೊಟ್ಟಗಿದೆಯಾ? ಬೋಲ್ಟ್ ಸಡಿಲಿಸಿ ಕೂರಿಸಿ. ಒಂದೇ ಒಂದು ವಿಷಯವನ್ನು ಮಾತ್ರ ಆಮೇಲೆ ಸರಿ ಮಾಡೋಕೆ ಆಗುವುದಿಲ್ಲ, ಅದು ಚೌಕಟ್ಟಿನ ಗಟ್ಟಿತನ. ಅದಕ್ಕೇ ನಾನು ಮೋಟಾರಿನಿಂದ ಶುರು ಮಾಡುವುದಿಲ್ಲ, ಬಿಗಿಯಿಂದ ಶುರು ಮಾಡುತ್ತೇನೆ. ಬ್ಯಾಂಡ್‌ಸಾ ಅಂದರೆ ಬ್ಲೇಡನ್ನು ಬಿಗಿಯಾಗಿ ಎಳೆದು ಹಿಡಿಯುವ ಯಂತ್ರ. ಕೊಯ್ಯುವ ಕೆಲಸ ಹಲ್ಲು ನೋಡಿಕೊಳ್ಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚಕ್ರದ ವ್ಯಾಸ 350 ಮಿ.ಮೀ. ಎರಡು ಚಕ್ರಗಳ ನಡುಮಧ್ಯದ ದೂರ 640 ಮಿ.ಮೀ. ಬ್ಲೇಡಿನ ಉದ್ದ ಲೆಕ್ಕ ಹಾಕುವುದು ಸುಲಭ: ಒಂದು ಚಕ್ರದ ಸುತ್ತಳತೆ, ಜೊತೆಗೆ ಆ ದೂರದ ಎರಡರಷ್ಟು. 1100 ಮತ್ತು 1280 ಸೇರಿ 2380 ಮಿ.ಮೀ. ಬ್ಲೇಡು 12 ಮಿ.ಮೀ. ಅಗಲ, 0.6 ಮಿ.ಮೀ. ದಪ್ಪ ಅಂದುಕೊಳ್ಳಿ. ಸಾಧಾರಣ ಕಾರ್ಬನ್ ಸ್ಟೀಲ್ ಬ್ಲೇಡಿಗೆ ಸುಮಾರು 100 ಮೆಗಾಪ್ಯಾಸ್ಕಲ್ ಎಳೆತ ಬೇಕು, ಅಂದರೆ ಪ್ರತಿ ಚದರ ಮಿ.ಮೀ.ಗೆ ಹತ್ತಿರ ಹತ್ತಿರ 10 ಕೆ.ಜಿ. ಹಲ್ಲಿನ ಸಂದು ಬಿಟ್ಟರೆ ಬ್ಲೇಡಿನಲ್ಲಿ ಎಳೆತ ಹೊರುವ ಜಾಗ 6 ಚದರ ಮಿ.ಮೀ. ಇರುತ್ತದೆ. ಹಾಗಾದರೆ 60 ಕೆ.ಜಿ. ಆಯಿತು. ಆದರೆ ಬ್ಲೇಡು ಮೇಲಿನ ಚಕ್ರವನ್ನು ಎರಡೂ ಕಡೆಯಿಂದ ಎಳೆಯುತ್ತದೆ. ಒಟ್ಟು 120 ಕೆ.ಜಿ. ಇಬ್ಬರು ದೊಡ್ಡವರು ಮೇಲಿನ ಚಕ್ರಕ್ಕೆ ಜೋತುಬಿದ್ದಷ್ಟು ಭಾರ, ಯಂತ್ರ ಸುಮ್ನೆ ನಿಂತಿರುವಾಗಲೂ.

ಈಗ ನೋಡಿ, ಚೌಕಟ್ಟಿನ ಆಕಾರ ಬಿಲ್ಲಿನ ಹಾಗೆ. ಬ್ಲೇಡು ಅದರ ಹೆದೆ. ಕಂಬ ಒಂದೇ ಪಕ್ಕದಲ್ಲಿರುವುದರಿಂದ ಈ 120 ಕೆ.ಜಿ. ಅದನ್ನು ಬಗ್ಗಿಸಲು ನೋಡುತ್ತದೆ. ಕಂಬ ಮರದ್ದು, ಚಕ್ರದ ಕಡೆಗಿನ ಅಳತೆ 120 ಮಿ.ಮೀ., ಇನ್ನೊಂದು ಅಳತೆ 80 ಮಿ.ಮೀ. ಇದ್ದರೆ ಬಾಗು ಅರ್ಧ ಮಿ.ಮೀ. ಕೂಡ ಆಗುವುದಿಲ್ಲ. ಅದೇ 120ನ್ನು 60 ಮಾಡಿಬಿಟ್ಟರೆ? ಬಾಗು ಎರಡು ಪಟ್ಟಲ್ಲ, ಎಂಟು ಪಟ್ಟು ಆಗುತ್ತದೆ. ಹತ್ತಿರ ಹತ್ತಿರ 3 ಮಿ.ಮೀ. ಅಷ್ಟು ಬಾಗಿದರೆ ಮೇಲಿನ ಚಕ್ರವೂ ಅದರ ಜೊತೆ ವಾಲುತ್ತದೆ, ಬ್ಲೇಡ್ ನಿಂತ ಕಡೆ ನಿಲ್ಲುವುದಿಲ್ಲ. ಮರ ಉಳಿಸಬೇಕು ಅನ್ನಿಸಿದರೆ ಅಗಲದಲ್ಲಿ, ಅಂದರೆ ಆ 80ರಲ್ಲಿ ಉಳಿಸಿ, 120 ಇರುವ ಈ ಆಳದಲ್ಲಿ ಮಾತ್ರ ಬೇಡ.

ಮರದ ಚೌಕಟ್ಟಾ ಅಂತ ಕೆಲವರ ಮುಖದಲ್ಲಿ ಅನುಮಾನ ಕಾಣುತ್ತಿದೆ. ಕೆನಡಾದ ಮಥಾಯಸ್ ವಾಂಡೆಲ್ ಅನ್ನುವವರು ಮರದ ಚೌಕಟ್ಟು, ಮರದ ಚಕ್ರದ ಬ್ಯಾಂಡ್‌ಸಾಗಳನ್ನು ಒಂದಾದ ಮೇಲೊಂದು ಕಟ್ಟಿ, ನಕ್ಷೆಯನ್ನೂ ಮಾಡಿಕೊಟ್ಟಿದ್ದಾರೆ. ಅದನ್ನು ನೋಡಿ ಜಗತ್ತಿನ ಎಷ್ಟೋ ಕಡೆ ಜನ ತಮ್ಮ ಯಂತ್ರ ಕಟ್ಟಿಕೊಂಡಿದ್ದಾರೆ. ಗುಟ್ಟು ಇರುವುದು ಪದರಗಳಲ್ಲಿ. ಒಂದೇ ದಪ್ಪ ತೊಲೆ ತಂದು ಕೊರೆಯಬೇಡಿ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ. ಒಂದು ಪದರದಲ್ಲಿ ಕಂಬದ ಹಲಗೆ ಮೂಲೆಯ ತನಕ ಹೋಗಲಿ, ಮುಂದಿನ ಪದರದಲ್ಲಿ ತೋಳಿನ (ಕಂಬದಿಂದ ಚಕ್ರದ ಕಡೆಗೆ ಚಾಚುವ ಭಾಗದ) ಹಲಗೆ ಹೋಗಲಿ. ಹೀಗೆ ಮಾಡಿದರೆ ಮೂಲೆಗಳು ಬೆರಳು ಬೆರಳು ಹೆಣೆದುಕೊಂಡು ಕೂರುತ್ತವೆ, ಎಲ್ಲ ಕಡೆ ಮರದ ಎಳೆ ಎಳೆತದ ದಿಕ್ಕಿಗೇ ಇರುತ್ತದೆ. ಚೆನ್ನಾಗಿ ಒಣಗಿದ ಮರ ಬೇಕು. ವೆಲ್ಡಿಂಗ್ ಬರುವವರು ಉಕ್ಕಿನ ಚೌಕ ಕೊಳವೆಯಲ್ಲಿ ಮಾಡಬಹುದು, ಖಂಡಿತ ಗಟ್ಟಿ. ಆದರೆ ವೆಲ್ಡಿಂಗ್‌ನ ಬಿಸಿಗೆ ಕೊಳವೆ ಎಳೆದುಕೊಳ್ಳುತ್ತದೆ, ಆಮೇಲೆ ನೇರ ಮಾಡುವುದು ಕಷ್ಟ. ಮೊದಲ ಯಂತ್ರಕ್ಕೆ ನನ್ನ ಮತ ಮರಕ್ಕೇ.

ಇನ್ನು ಬಿಗಿ ಮಾಡುವ ಸ್ಕ್ರೂ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಇಲ್ಲಿರುವ ಒಂದು ಸಂಖ್ಯೆ ಗೊತ್ತಾದರೆ ಇಡೀ ಯಂತ್ರ ಅರ್ಥವಾಗುತ್ತದೆ.

ನಮ್ಮ 2380 ಮಿ.ಮೀ. ಬ್ಲೇಡನ್ನು ಪೂರ್ತಿ ಬಿಗಿಗೆ ಎಳೆದಾಗ ಅದು ಎಷ್ಟು ಉದ್ದವಾಗುತ್ತದೆ? ಬರೀ 1.2 ಮಿ.ಮೀ. ಉಕ್ಕು ಅಷ್ಟೇ ಹಿಗ್ಗುವುದು. ಈಗ ಅದೇ ಬ್ಲೇಡು ಗಟ್ಟಿ ಮರ ಸೀಳುತ್ತಾ 40 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿಯಾಯಿತು ಅನ್ನಿ. ಬಿಸಿಗೆ ಹಿಗ್ಗುವುದು ಎಷ್ಟು? 1.1 ಮಿ.ಮೀ. ನೀವು ಕಷ್ಟಪಟ್ಟು ತುಂಬಿದ ಬಿಗಿಯೆಲ್ಲ ಬಿಸಿಯೊಂದರಲ್ಲೇ ಹೋದ ಹಾಗಾಯಿತು, ಅಲ್ವಾ? ಮೇಲಿನ ಚಕ್ರವನ್ನು ನೇರವಾಗಿ ಸ್ಕ್ರೂನಿಂದ ಎತ್ತಿ ನಿಲ್ಲಿಸಿದರೆ ಆಗುವುದು ಇದೇ. ಕೆಲಸ ಶುರುವಾದಾಗ ಚೆನ್ನಾಗಿ ಕೊಯ್ಯುತ್ತದೆ, ಹಲಗೆ ಅರ್ಧ ಹೋಗುವ ಹೊತ್ತಿಗೆ ಬ್ಲೇಡ್ ಹೊಟ್ಟೆ ಬಿಟ್ಟುಕೊಂಡು ಹಲಗೆಯ ಒಳಗೆ ಬಾಗುತ್ತದೆ. ಹೊರಗೆ ಗೆರೆ ನೇರ ಕಾಣುತ್ತದೆ, ಸೀಳಿದ ಮೇಲೆ ನೋಡಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು.

ಅದಕ್ಕೆ ಸ್ಕ್ರೂ ಮತ್ತು ಚಕ್ರದ ನಡುವೆ ಸ್ಪ್ರಿಂಗ್ ಬೇಕು. 1200 ನ್ಯೂಟನ್‌ಗೆ, ಅಂದರೆ ನಮ್ಮ 120 ಕೆ.ಜಿ.ಗೆ, 20 ಮಿ.ಮೀ. ಕುಗ್ಗುವಂಥ ಗಟ್ಟಿ ಸ್ಪ್ರಿಂಗ್ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಬ್ಲೇಡು 1 ಮಿ.ಮೀ. ಹಿಗ್ಗಿದರೆ ಚಕ್ರ ಮೇಲೆ ಹೋಗಬೇಕಾದ್ದು ಅರ್ಧ ಮಿ.ಮೀ. ಅರ್ಧ ಮಿ.ಮೀ.ಗೆ ಸ್ಪ್ರಿಂಗ್ ಕಳೆದುಕೊಳ್ಳುವುದು 30 ನ್ಯೂಟನ್. 1200ರಲ್ಲಿ 30 ಹೋದರೆ ಬ್ಲೇಡಿಗೆ ಗೊತ್ತೂ ಆಗುವುದಿಲ್ಲ. ಸ್ಪ್ರಿಂಗ್ ಇಲ್ಲದಿದ್ದರೆ ಇದೇ 1 ಮಿ.ಮೀ.ಗೆ ಬಹುಪಾಲು ಬಿಗಿ ಮಾಯವಾಗುತ್ತಿತ್ತು.

ಸ್ಪ್ರಿಂಗ್‌ನ ಬಲ ಅಳೆಯೋಕೆ ಯಂತ್ರವೇನೂ ಬೇಡ. ಎರಡು ಹಲಗೆ ತುಂಡುಗಳ ನಡುವೆ ನಿಲ್ಲಿಸಿ. ಮೇಲಿನ ಹಲಗೆ ಪಕ್ಕಕ್ಕೆ ಜಾರದ ಹಾಗೆ ನಡುವೆ ಒಂದು ಬೋಲ್ಟ್ ಕಂಬಿ ಹಾಕಿ, ಗೋಡೆ ಹಿಡಿದುಕೊಂಡು ಮೇಲೆ ನಿಂತುಕೊಳ್ಳಿ. ನಿಮ್ಮ ತೂಕ 60 ಕೆ.ಜಿ. ಇದ್ದು, ಸ್ಪ್ರಿಂಗ್ 10 ಮಿ.ಮೀ. ಕುಗ್ಗಿದರೆ, 120 ಕೆ.ಜಿ.ಗೆ 20 ಮಿ.ಮೀ. ಆ ಗುರುತನ್ನು ಸ್ಕ್ರೂ ಪಕ್ಕದಲ್ಲಿ ಪೆನ್ಸಿಲ್‌ನಿಂದ ಹಾಕಿಕೊಂಡರೆ ನಿಮ್ಮ ಯಂತ್ರಕ್ಕೆ ನಂಬಿಕೆಯ ಬಿಗಿ ಮಾಪಕ ಸಿಕ್ಕಿದಂತೆ. ಕೆಲಸ ಮುಗಿದ ಮೇಲೆ ಬಿಗಿ ಇಳಿಸಿ. ಚಕ್ರದ ರಬ್ಬರಿನಲ್ಲಿ ತಗ್ಗು ಬೀಳುವುದಿಲ್ಲ, ಚೌಕಟ್ಟಿಗೂ ವಿಶ್ರಾಂತಿ.

ಚಕ್ರಕ್ಕೆ ಬರೋಣ. ಮೊದಲು ಗಾತ್ರ. ಜಾಗ ಕಮ್ಮಿ ಅಂತ ಚಿಕ್ಕ ಚಕ್ರ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ ಅಂತ ಕೈಮುಗಿದು ಹೇಳುತ್ತೇನೆ. ಬ್ಲೇಡ್ ಚಕ್ರದ ಮೇಲೆ ಸುತ್ತುವಾಗ ಬಾಗುತ್ತದೆ. 0.6 ಮಿ.ಮೀ. ಬ್ಲೇಡು 350 ಮಿ.ಮೀ. ಚಕ್ರದ ಮೇಲೆ ಬಾಗಿದಾಗ ಅದರ ಹೊರ ಮೈಯಲ್ಲಿ 340 ಮೆಗಾಪ್ಯಾಸ್ಕಲ್ ಎಳೆತ ಹುಟ್ಟುತ್ತದೆ. ನಾವು ಎಳೆದ ಬಿಗಿಯ ಮೂರು ಪಟ್ಟಿಗಿಂತ ಜಾಸ್ತಿ! 200 ಮಿ.ಮೀ. ಚಕ್ರದಲ್ಲಾದರೆ ಅದು 600. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬ್ಲೇಡಿನ ಒಂದೊಂದು ಜಾಗವೂ ಗಂಟೆಗೆ ಸುಮಾರು 45 ಸಾವಿರ ಸಲ ಹೀಗೆ ಬಾಗಿ ನೇರವಾಗುತ್ತದೆ. ಚಿಕ್ಕ ಚಕ್ರದ ಯಂತ್ರಗಳು ಬ್ಲೇಡ್ ಮುರಿಯುವುದು ಇದಕ್ಕೇ. ಮೂರು ಚಕ್ರದ ಯಂತ್ರಗಳಲ್ಲಿ ಸುತ್ತಿಗೆ ಮೂರು ಬಾಗು, ಚಕ್ರಗಳೂ ಚಿಕ್ಕವು. 350ರಿಂದ 400 ಮಿ.ಮೀ. ಒಳ್ಳೆ ಗಾತ್ರ. 300ಕ್ಕಿಂತ ಕೆಳಗೆ ಇಳಿಯಬೇಡಿ.

ಪ್ಲೈವುಡ್ಡಿನ ಎರಡು ಮೂರು ಪದರ ಅಂಟಿಸಿ ಚಕ್ರ ಮಾಡಿ. ಒಟ್ಟು ದಪ್ಪ 25ರಿಂದ 30 ಮಿ.ಮೀ. ಇರಲಿ. ಕೆಳಗಿನ ಚಕ್ರ ಶಾಫ್ಟಿಗೆ ಗಟ್ಟಿಯಾಗಿ ಕೂರಬೇಕು, ಶಾಫ್ಟು ಎರಡು ಬೇರಿಂಗ್ ನಡುವೆ ತಿರುಗಬೇಕು. ಮೇಲಿನ ಚಕ್ರದಲ್ಲಿ ಶಾಫ್ಟು ತಿರುಗುವುದಿಲ್ಲ, ಬೇರಿಂಗ್ ಚಕ್ರದ ಒಳಗೇ ಇರುತ್ತದೆ. 6204 ಬೇರಿಂಗ್ ಈ ಗಾತ್ರಕ್ಕೆ ಧಾರಾಳವಾಗಿ ಸಾಕು: ಒಳಗೆ 20 ಮಿ.ಮೀ., ಹೊರಗೆ 47, ದಪ್ಪ 14. ದುಡ್ಡು ಖರ್ಚು ಮಾಡುವುದಾದರೆ ಬೇರಿಂಗಿಗೆ ಮತ್ತು ನೇರವಾದ ಶಾಫ್ಟಿಗೆ ಮಾಡಿ, ಟೇಬಲ್ಲಿನ ಅಂದಕ್ಕೆ ಆಮೇಲೆ ನೋಡಿಕೊಳ್ಳಬಹುದು.

ದುಂಡಗೆ ಮಾಡುವುದು ಹೇಗೆ, ಲೇತ್ ಇಲ್ಲವಲ್ಲ ಅನ್ನುತ್ತೀರಿ. ಲೇತ್ ಬೇಡ, ಯಂತ್ರವೇ ಲೇತ್ ಆಗುತ್ತದೆ. ಕೆಳಗಿನ ಚಕ್ರವನ್ನು ಅದರ ಬೇರಿಂಗಿನಲ್ಲೇ ಕೂರಿಸಿ, ಬೆಲ್ಟ್ ಹಾಕಿ, ಮೋಟಾರ್ ಓಡಿಸಿ. ಚೌಕಟ್ಟಿಗೆ ಒಂದು ಮರದ ತುಂಡನ್ನು ಕ್ಲಾಂಪ್ ಮಾಡಿ ಉಳಿಗೆ ಆಸರೆ ಕೊಡಿ. ಆಸರೆ ಚಕ್ರಕ್ಕೆ ಆದಷ್ಟು ಹತ್ತಿರ ಇರಲಿ. ಕಣ್ಣಿಗೆ ಕನ್ನಡಕ, ಮುಖಕ್ಕೆ ಶೀಲ್ಡ್ ಹಾಕಿಕೊಂಡು, ಉಳಿಯನ್ನು ನಿಧಾನವಾಗಿ ತಾಗಿಸಿ. ಮೊದಲು ಎತ್ತರದ ಕಡೆ ಮಾತ್ರ ಟಪ್ ಟಪ್ ಅಂತ ತಾಗುತ್ತದೆ. ಕೆತ್ತುತ್ತಾ ಹೋದ ಹಾಗೆ ಸದ್ದು ಒಂದೇ ಸಮನಾಗುತ್ತದೆ. ಆಗ ಚಕ್ರ ದುಂಡಗಾಯಿತು ಅಂತ ತಿಳಿಯಿರಿ. ನಡುವಿನ ತೂತು ಒಂದು ಕೂದಲಷ್ಟು ಪಕ್ಕಕ್ಕೆ ಹೋಗಿದ್ದರೂ ಈಗ ಲೆಕ್ಕಕ್ಕಿಲ್ಲ, ಏಕೆಂದರೆ ಅದು ಯಾವ ಅಚ್ಚಿನ ಮೇಲೆ ಓಡಬೇಕೋ ಅದೇ ಅಚ್ಚಿನ ಮೇಲೆ ದುಂಡಗಾಗಿದೆ. ಮೇಲಿನ ಚಕ್ರಕ್ಕೂ ತಾತ್ಕಾಲಿಕವಾಗಿ ಒಂದು ಪುಲ್ಲಿ ಸ್ಕ್ರೂ ಮಾಡಿ ಹೀಗೇ ಓಡಿಸಬಹುದು.

ದುಂಡಗಾದ ಮೇಲೆ ಅಂಚಿನ ನಡುಭಾಗ ಸ್ವಲ್ಪ ಉಬ್ಬಿರುವಂತೆ ಕೆತ್ತಿ. ಸ್ವಲ್ಪ ಅಂದರೆ 1 ಮಿ.ಮೀ.ಗೂ ಕಮ್ಮಿ. ಈ ಉಬ್ಬೇ ಬ್ಲೇಡನ್ನು ಚಕ್ರದ ಮೇಲೆ ಉಳಿಸುವುದು. ಪಕ್ಕದಲ್ಲಿ ತಡೆ ಗೋಡೆ ಏನೂ ಇಲ್ಲ, ಆದರೂ ಬ್ಲೇಡ್ ಬೀಳುವುದಿಲ್ಲ. ನೋಡಿದವರಿಗೆ ಆಶ್ಚರ್ಯ ಆಗುತ್ತದೆ, ಬ್ಲೇಡ್ ಇಳಿಜಾರಿನಲ್ಲಿ ಜಾರಿ ಕೆಳಗೆ ಬರಬೇಕಲ್ಲವಾ ಅಂತ. ಆಗುವುದು ಉಲ್ಟಾ. ಬ್ಲೇಡ್ ಒಂದು ಕಡೆಯ ಇಳಿಜಾರಿನಲ್ಲಿ ಕೂತಾಗ ಎತ್ತರದ ಕಡೆಯ ಅಂಚು ಜಾಸ್ತಿ ಎಳೆಯಲ್ಪಡುತ್ತದೆ. ಅದರಿಂದ ಚಕ್ರದ ಕಡೆಗೆ ಬರುತ್ತಿರುವ ಭಾಗ ಎತ್ತರದ ಕಡೆಗೆ ವಾಲಿಕೊಂಡು ಬಂದು ಕೂರುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಏರುತ್ತಾ ನಡುವೆ ಬಂದು ನಿಲ್ಲುತ್ತದೆ. ಇನ್ನೂ ಹಿಂದೆ ಮುಂದೆ ಮಾಡಬೇಕಾದರೆ ಮೇಲಿನ ಚಕ್ರವನ್ನು ಒಂದು ಕೂದಲಷ್ಟು ವಾಲಿಸುವ ಸ್ಕ್ರೂ ಸಾಕು. ಈ ಸ್ಕ್ರೂ ಇಲ್ಲದೆ ಯಂತ್ರ ಕಟ್ಟಲೇಬೇಡಿ.

ಉಬ್ಬಿನ ಮೇಲೆ ರಬ್ಬರ್. ಚಕ್ರಕ್ಕಿಂತ ಚಿಕ್ಕ ಅಳತೆಯ ಸೈಕಲ್ ಟ್ಯೂಬಿನಿಂದ ಪಟ್ಟಿ ಕತ್ತರಿಸಿ ಎಳೆದು ಹಾಕಿದರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬ್ಲೇಡಿನ ಹಲ್ಲು ಮರಕ್ಕೆ ತಾಗದೆ ಉಳಿಯುತ್ತದೆ. ಆಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಜಾಗ ಕೆಳಗೆ ಬಂದು ನಿಂತರೆ ಅಲ್ಲಿ ಭಾರ ಜಾಸ್ತಿ. ಆ ಕಡೆ ಹಿಂಬದಿಯಲ್ಲಿ ಅರೆ ಆಳದ ತೂತು ಕೊರೆದು ಹಗುರ ಮಾಡಿ. ಎಲ್ಲಿ ಬೇಕಾದರೂ ನಿಲ್ಲುವಂತಾದರೆ ಯಂತ್ರ ನಡುಗುವುದಿಲ್ಲ.

ಮೋಟಾರಿನ ಲೆಕ್ಕ ಚಿಕ್ಕದು. ಮರಕ್ಕೆ ಸೆಕೆಂಡಿಗೆ 15 ಮೀಟರ್ ಒಳ್ಳೆ ವೇಗ. ಚಕ್ರದ ಸುತ್ತಳತೆ 1.1 ಮೀಟರ್ ಇರುವುದರಿಂದ ನಿಮಿಷಕ್ಕೆ 820 ಸುತ್ತು ಬೇಕು. ಮೋಟಾರ್ 1440 ಸುತ್ತಿನದ್ದಾದರೆ ಮೋಟಾರಿಗೆ 80 ಮಿ.ಮೀ. ಪುಲ್ಲಿ, ಚಕ್ರಕ್ಕೆ 140 ಮಿ.ಮೀ. ಪುಲ್ಲಿ. ಒಂದು ಅಶ್ವಶಕ್ತಿ ಸಾಕು. ಮೋಟಾರಿನ ಮೈಗೆ ಅರ್ತಿಂಗ್ ತಪ್ಪಿಸಬೇಡಿ. ಚೌಕಟ್ಟು ಮರದ್ದು ಅಂತ ನಿರ್ಲಕ್ಷ್ಯ ಬೇಡ.

ಬ್ಲೇಡಿನ ಬಗ್ಗೆ ಒಂದು ಹಳೆಯ ಮಾತು ಹೇಳಬೇಕು. ಇಂಗ್ಲೆಂಡಿನಲ್ಲಿ ವಿಲಿಯಂ ನ್ಯೂಬೆರಿ ಈ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 19ನೇ ಶತಮಾನದ ಮೊದಲ ದಶಕದಲ್ಲೇ. ಚಕ್ರ ಇತ್ತು, ಟೇಬಲ್ ಇತ್ತು, ಯೋಚನೆ ಪೂರ್ತಿ ಸರಿಯಿತ್ತು. ಆದರೆ ಬ್ಲೇಡಿನ ಎರಡು ತುದಿ ಸೇರಿಸಿದ ಬೆಸುಗೆ ಈ ಬಾಗು, ಈ ಎಳೆತ ತಡೆಯುತ್ತಿರಲಿಲ್ಲ. ಹತ್ತಿರ ಹತ್ತಿರ ನಾಲ್ಕು ದಶಕ ಯಂತ್ರ ಕಾಯಬೇಕಾಯಿತು. 1846ರಲ್ಲಿ ಫ್ರಾನ್ಸಿನ ಆ್ಯನ್ ಪೋಲಿನ್ ಕ್ರೆಪಾಂ ಎಂಬ ಮಹಿಳೆ ತುದಿಗಳನ್ನು ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಪ್ಯಾರಿಸ್‌ನ ಪೆರಾಂ ಕಂಪನಿ ಅದನ್ನು ಹಿಡಿದು, ಒಳ್ಳೆ ಉಕ್ಕು ಸೇರಿಸಿ, ನಿಜವಾಗಿ ಕೆಲಸ ಮಾಡುವ ಯಂತ್ರ ಮಾಡಿತು. ಅದಕ್ಕೇ ಹೇಳುವುದು, ಯಂತ್ರ ಎಷ್ಟೇ ಚೆನ್ನಾಗಿ ಕಟ್ಟಿ, ಬ್ಲೇಡ್ ಮಾತ್ರ ಒಳ್ಳೆಯದನ್ನೇ ತನ್ನಿ. ಎಲ್ಲದಕ್ಕೂ ಒಂದೇ ಬ್ಲೇಡ್ ಅಂತ ಇರಬೇಡಿ. ಹಲಗೆ ಸೀಳೋಕೆ ಇಂಚಿಗೆ 3 ಹಲ್ಲಿನ ಅಗಲ ಬ್ಲೇಡು. ಬಾಗಿದ ಗೆರೆ ಕೊಯ್ಯೋಕೆ 6 ಮಿ.ಮೀ. ಅಗಲದ್ದು, ಅದು ಸುಮಾರು 16 ಮಿ.ಮೀ. ತ್ರಿಜ್ಯದ ತಿರುವಿನ ತನಕ ತಿರುಗುತ್ತದೆ. ಮರ ಎಷ್ಟೇ ತೆಳುವಿದ್ದರೂ ಕನಿಷ್ಠ ಮೂರು ಹಲ್ಲು ಒಳಗಿರುವಂತೆ ನೋಡಿಕೊಳ್ಳಿ.

ಬ್ಲೇಡ್ ಅಕ್ಕಪಕ್ಕ ಓಲಾಡದ ಹಾಗೆ ನೋಡಿಕೊಳ್ಳುವ ಗೈಡುಗಳನ್ನು ಗಟ್ಟಿ ಮರದ ತುಂಡುಗಳಲ್ಲೇ ಮಾಡಬಹುದು. ಎಣ್ಣೆಯಲ್ಲೋ ಮೇಣದಲ್ಲೋ ನೆನೆಸಿದರೆ ಸಾಕು, ಸವೆದಾಗ ತುದಿ ಕೊಯ್ದು ಮುಂದೆ ತಳ್ಳಿದರಾಯಿತು. ಬ್ಲೇಡಿನ ಹಿಂದೆ ಒಂದು ಬೇರಿಂಗ್. ಪಕ್ಕದ ಗೈಡಿಗೂ ಬ್ಲೇಡಿಗೂ ಒಂದು ಹಾಳೆಯ ದಪ್ಪ ಸಂದು. ಗೈಡಿನ ಮುಂದಿನ ಅಂಚು ಹಲ್ಲಿನ ಸಂದಿಗಿಂತ ಹಿಂದೆ ನಿಲ್ಲಬೇಕು, ಇಲ್ಲದಿದ್ದರೆ ಅಕ್ಕಪಕ್ಕಕ್ಕೆ ಬಾಗಿಸಿರುವ ಹಲ್ಲುಗಳು ಹಾಳಾಗುತ್ತವೆ. ಹೊಂದಿಸುವ ಕ್ರಮ ಮಾತ್ರ ಅದಲು ಬದಲು ಮಾಡಬೇಡಿ. ಪ್ಲಗ್ ಕಿತ್ತು, ಗೈಡುಗಳನ್ನೆಲ್ಲ ದೂರ ಸರಿಸಿ, ಮೊದಲು ಬಿಗಿ. ಆಮೇಲೆ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಬ್ಲೇಡನ್ನು ನಡುವೆ ತನ್ನಿ. ಆಮೇಲೆ ಹಿಂದಿನ ಬೇರಿಂಗ್, ಕೊನೆಗೆ ಪಕ್ಕದವು. ಗೈಡಿನಿಂದ ಬ್ಲೇಡನ್ನು ತಳ್ಳಿ ನೇರ ಮಾಡುವವರನ್ನು ನೋಡಿದ್ದೇನೆ, ಅದು ಗೈಡಿನ ಕೆಲಸ ಅಲ್ಲ.

ಇನ್ನೊಂದು, ಇದರಲ್ಲಿ ರಾಜಿ ಇಲ್ಲ. ಎರಡೂ ಚಕ್ರಕ್ಕೆ ಪೂರ್ತಿ ಮುಚ್ಚುವ ಬಾಗಿಲು, ಕೊಯ್ಯದ ಕಡೆಯ ಬ್ಲೇಡಿಗೆ ಮುಚ್ಚಳ, ಕೈಗೆ ಸಿಗುವ ಜಾಗದಲ್ಲಿ ಸ್ಟಾಪ್ ಸ್ವಿಚ್. ಬ್ಲೇಡ್ ಓಡುವಾಗಲೇ ಮುರಿಯಬಹುದು. ಬಾಗಿಲಿದ್ದರೆ ಅದು ಒಳಗೇ ಗುಂಪುಗೂಡಿ ನಿಲ್ಲುತ್ತದೆ. ಬಾಗಿಲು ಆಮೇಲೆ ಮಾಡೋಣ ಅಂದುಕೊಂಡು ಕೊಯ್ಯಲು ಶುರು ಮಾಡಬೇಡಿ. ದುಂಡು ಕೋಲನ್ನು ಕೈಯಲ್ಲಿ ಹಿಡಿದು ಕೊಯ್ಯಬೇಡಿ, ಬ್ಲೇಡ್ ಅದನ್ನು ಉರುಳಿಸಿಬಿಡುತ್ತದೆ, ಜೊತೆಗೆ ಬೆರಳನ್ನೂ ಎಳೆದುಕೊಳ್ಳುತ್ತದೆ. ನಡುವೆ ತೋಡಿರುವ ಹಲಗೆಯ ಮೇಲೆ ಕೂರಿಸಿಯೇ ಕೊಯ್ಯಿರಿ.

ಈಗ ನಿಮ್ಮ ಪ್ರಶ್ನೆಗಳು.

ಪ್ಲೈವುಡ್ ಚಕ್ರ ಆ ವೇಗದಲ್ಲಿ ಸಿಡಿಯುವುದಿಲ್ಲವಾ?

ಒಳ್ಳೆ ಪ್ರಶ್ನೆ, ಭಯ ಸಹಜ. ತಿರುಗುವ ಬಳೆಯಲ್ಲಿ ಹುಟ್ಟುವ ಎಳೆತ ಅಂದರೆ ಅದರ ಸಾಂದ್ರತೆ ಗುಣಿಸು ಅಂಚಿನ ವೇಗದ ವರ್ಗ. ಪ್ಲೈವುಡ್ಡಿಗೆ ಘನ ಮೀಟರಿಗೆ 700 ಕೆ.ಜಿ., ವೇಗ ಸೆಕೆಂಡಿಗೆ 15 ಮೀಟರ್. ಗುಣಿಸಿದರೆ 0.16 ಮೆಗಾಪ್ಯಾಸ್ಕಲ್ ಬರುತ್ತದೆ. ಒಳ್ಳೆ ಪ್ಲೈವುಡ್ ತಡೆಯುವುದು ಇದರ ನೂರು ಪಟ್ಟಿಗಿಂತ ಜಾಸ್ತಿ. ಚಕ್ರ ಸಿಡಿಯುವುದಿಲ್ಲ. ಸಡಿಲವಾಗಿ ಕೂರಿಸಿದ ಶಾಫ್ಟು, ಸರಿಯಾಗಿ ಹಿಡಿಯದ ಅಂಟು ಇವುಗಳ ಬಗ್ಗೆ ಚಿಂತೆ ಮಾಡಿ.

ಓಡುವಾಗ ಒಂದೇ ತಾಳದಲ್ಲಿ ಟಿಕ್ ಟಿಕ್ ಅಂದರೆ?

ತಕ್ಷಣ ನಿಲ್ಲಿಸಿ. ಬೆಸುಗೆಯ ಗಂಟು ಗೈಡಿಗೆ ತಾಗುತ್ತಿರಬಹುದು, ಅದಾದರೆ ಅರದಿಂದ ಉಜ್ಜಿ ಸಮ ಮಾಡಿದರೆ ಮುಗಿಯಿತು. ಬ್ಲೇಡಿನಲ್ಲಿ ಬಿರುಕು ಬಿಟ್ಟಿದ್ದರೂ ಇದೇ ಸದ್ದು. ಪ್ಲಗ್ ತೆಗೆದು, ಬ್ಲೇಡನ್ನು ಕೈಯಲ್ಲಿ ಸುತ್ತಿಸುತ್ತಾ ಹಲ್ಲಿನ ಬುಡ ನೋಡಿ. ಬಿರುಕು ಸಾಮಾನ್ಯವಾಗಿ ಅಲ್ಲೇ ಹುಟ್ಟುತ್ತದೆ. ಕಂಡರೆ ಆ ಬ್ಲೇಡನ್ನು ಮತ್ತೆ ಓಡಿಸಬೇಡಿ.

ಇದರಲ್ಲೇ ಕಬ್ಬಿಣವನ್ನೂ ಕೊಯ್ಯಬಹುದಾ?

ಹೀಗೇ ಆಗುವುದಿಲ್ಲ. ಮೆದು ಉಕ್ಕಿಗೆ ಬ್ಲೇಡ್ ನಿಮಿಷಕ್ಕೆ 60 ಮೀಟರ್ ಆಸುಪಾಸು ಓಡಬೇಕು. ನಮ್ಮದು ನಿಮಿಷಕ್ಕೆ 900. ಹದಿನೈದು ಪಟ್ಟು. ಆ ವೇಗದಲ್ಲಿ ಹಲ್ಲುಗಳು ಕೆಲವೇ ಕ್ಷಣದಲ್ಲಿ ಬಿಸಿಯಾಗಿ ಬೋಳಾಗುತ್ತವೆ. ನಡುವೆ ಇನ್ನೊಂದು ಶಾಫ್ಟು ಹಾಕಿ, ಎರಡು ಹಂತದ ಪುಲ್ಲಿಯಲ್ಲಿ ವೇಗ ಇಳಿಸಬಹುದು. ಮೋಟಾರಿನ 1440 ಸುತ್ತನ್ನು ಒಂದು ಹಂತದಲ್ಲಿ ಐದು ಪಟ್ಟು, ಇನ್ನೊಂದರಲ್ಲೂ ಐದು ಪಟ್ಟು ಇಳಿಸಿದರೆ ಇಪ್ಪತ್ತೈದು ಪಟ್ಟು ಆಯಿತು, ಬ್ಲೇಡ್ ನಿಮಿಷಕ್ಕೆ ಸುಮಾರು 63 ಮೀಟರ್ ಓಡುತ್ತದೆ. ಅದಕ್ಕೆ ಕಂಬದ ಪಕ್ಕದಲ್ಲಿ ಮೊದಲೇ ಜಾಗ ಬಿಟ್ಟುಕೊಳ್ಳಿ. ಮರದ ಪುಡಿಯನ್ನು ಪೂರ್ತಿ ಗುಡಿಸಿದ ಮೇಲೆಯೇ ಉಕ್ಕು ಕೊಯ್ಯಿರಿ, ಬಿಸಿ ಚೂರು ಪುಡಿಯ ಒಳಗೆ ಬಿದ್ದರೆ ಬೆಂಕಿ ಹಿಡಿಯುತ್ತದೆ. ಅಲ್ಯೂಮಿನಿಯಂ ಆದರೆ ಇಷ್ಟು ತೊಂದರೆ ಇಲ್ಲ. ಸರಿಯಾದ ಬ್ಲೇಡ್ ಹಾಕಿ, ಸ್ವಲ್ಪ ಮೇಣ ಸವರಿ, ನಿಧಾನವಾಗಿ ತಳ್ಳಿದರೆ ಇದೇ ಯಂತ್ರ ಕೊಯ್ಯುತ್ತದೆ.